ಐವತ್ತು ವರ್ಷದ ಸಾರು

ಕೊಡಲಾಗದ್ದಕ್ಕೆ, ಮಾಡಲು ಬಾರದ್ದಕ್ಕೆ, ಕೊನೆಗೆ ಕಿವಿಗೇ ಬೀಳದ ಮಾತಿಗೂ ‘ಹೂಂ’ ಎಂದುಬಿಡುವ ಮನುಷ್ಯ ಪ್ರತಿ ಬೀದಿಯಲ್ಲೂ ಒಬ್ಬ ಇರುತ್ತಾನೆ. ಈ ಕಥೆಯ ಬೀದಿಯಲ್ಲಿ ಅವನು ಊಟದ ಅಂಗಡಿ ಇಟ್ಟುಕೊಂಡಿದ್ದ. ಜನ ಅವನನ್ನು ಹೂಂ ಸಾಹುಕಾರ ಎನ್ನುತ್ತಿದ್ದರು. ಸಾಹುಕಾರ ಎಂದದ್ದು ಮರ್ಯಾದೆಗೆ, ಹೂಂ ಎಂದದ್ದು ನಿಜಕ್ಕೆ.

ಅಂಗಡಿ ಶುರುಮಾಡಿದವನು ಅವನ ಅಪ್ಪ. ಆರು ಮೇಜು, ಹನ್ನೆರಡು ಬೆಂಚು, ಐದು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ಒಳಗೆ ಒಲೆಯ ಮೇಲೆ ದೊಡ್ಡ ಹಂಡೆ, ಹಂಡೆಯಲ್ಲಿ ಕಾಳು, ಗೆಡ್ಡೆ, ಸೊಪ್ಪು ಎಲ್ಲ ಬೆಂದು ಒಂದಾದ ಗಟ್ಟಿ ಸಾರು. ಬಟ್ಟಲು ತುಂಬ ಬಿಸಿ ಸಾರು, ಜೊತೆಗೆ ಎರಡು ರೊಟ್ಟಿ. ಅಷ್ಟೇ ಅಲ್ಲಿ ಸಿಗುತ್ತಿದ್ದದ್ದು. ಅಜ್ಜಂದಿರು ಮೊಮ್ಮಕ್ಕಳನ್ನು ಕೈಹಿಡಿದು ಕರೆತಂದು, “ನಾನು ನಿನ್ನಷ್ಟಿದ್ದಾಗ ಇದೇ ಬೆಂಚಲ್ಲಿ ಕೂತು ಇದನ್ನೇ ತಿಂದೆ” ಎನ್ನುತ್ತಿದ್ದರು. ಮೊಮ್ಮಕ್ಕಳು ಬೆಂಚನ್ನು ನೋಡಿ ಅದು ನಿಜವೆಂದು ಒಪ್ಪುತ್ತಿದ್ದರು.

ಅಪ್ಪನದೊಂದು ಪದ್ಧತಿಯಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅವನು ಸಾರಿಗೂ ಹೆಪ್ಪು ಹಾಕುತ್ತಿದ್ದ. ಸಂಜೆ ಹಂಡೆ ಬರಿದಾಗುವ ಮೊದಲು ಒಂದು ಸೌಟು ಸಾರನ್ನು ಮುಚ್ಚಳದ ಜಾಡಿಯಲ್ಲಿ ಎತ್ತಿಟ್ಟು, ಮಾರನೆಯ ದಿನ ಹೊಸ ಸಾರು ಕುದಿಯುವಾಗ ಅದನ್ನು ಸುರಿಯುತ್ತಿದ್ದ. “ಇದರಲ್ಲಿ ಮೊದಲನೇ ದಿನದ ಸಾರು ಇನ್ನೂ ಇದೆ ಕಣೋ” ಎಂದು ಮಗನಿಗೆ ಹೇಳುತ್ತಿದ್ದ.

ಅಪ್ಪ ತೀರಿಕೊಂಡು ಇಪ್ಪತ್ತಮೂರು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದರಲ್ಲಿ ಸೈಕಲ್ಲನ್ನು ಯಾರೋ ಎರಡು ದಿನಕ್ಕೆ ಕೇಳಿದರು, ಹೋಯಿತು. ಕೊಡೆ ಬಸ್ಸಿನಲ್ಲಿ ಹೋಯಿತು. ಮನೆಯ ಮಹಡಿಯನ್ನು ಅಕ್ಕ ಕೇಳಿದಾಗ ಸಾಹುಕಾರ ಹೂಂ ಎಂದ, ಅದೂ ಹೋಯಿತು. ಉಳಿದದ್ದು ಸಾರೊಂದೇ. ಅದನ್ನು ಅವನು ಮುಟ್ಟುತ್ತಿರಲಿಲ್ಲವಾದ್ದರಿಂದ ಉಳಿದಿತ್ತು. ಒಲೆ, ಹಂಡೆ, ಜಾಡಿ ಎಲ್ಲವೂ ಹೆಂಡತಿಯ ವಶ. ಮುದಿ ತಾಯಿ ಬಾಗಿಲ ಬಳಿ ಕೂತು ಕಾಳು ಬಿಡಿಸಿಕೊಡುತ್ತಿದ್ದಳು. ಅವನ ಕೆಲಸ ಬೆಳಿಗ್ಗೆ ಒಂದು ಚಮಚ ಸಾರು ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, “ಅಪ್ಪಾ” ಎನ್ನುವುದು. ಹೆಂಡತಿ ಆ ಹೊತ್ತಿಗೆ ಬೆನ್ನು ತಿರುಗಿಸಿ ಗೆಡ್ಡೆ ಹೆಚ್ಚುತ್ತಿರುತ್ತಿದ್ದಳು. ಬದುಕಿನಲ್ಲಿ ತಾನು ಕೆಡಿಸದೆ ಕಾಪಾಡಿದ್ದು ಇದೊಂದೇ, ಇದೂ ಹೋದರೆ ತಾನು ಅಪ್ಪನ ಮಗನೇ ಅಲ್ಲ ಎಂದು ಅವನು ನಂಬಿದ್ದ.

ಇಂಥವನ ಅಂಗಡಿಗೆ ಒಂದು ದಿನ ಪತ್ರಿಕೆಯವನು ಬಂದ. ಎರಡು ಬಟ್ಟಲು ಮುಗಿಸಿ, ಬಾಯಿ ಒರೆಸಿಕೊಂಡು, ಪುಸ್ತಕ ತೆಗೆದ.

“ಸಾಹುಕಾರ್ರೇ, ಈ ಸಾರು ಎಷ್ಟು ವರ್ಷದ್ದು?”

“ಅಂಗಡಿಗೆ ಈಗ ಐವತ್ತಾಯ್ತು ಸ್ವಾಮಿ.”

“ಹಳೇ ಸಾರಿಗೇ ಹೊಸದು ಸೇರಿಸ್ತೀರಂತೆ. ಅಂದ್ರೆ ಸಾರಿಗೂ ಐವತ್ತು?”

“ಹೂಂ.”

“ಒಂದು ದಿನಾನೂ ಹಂಡೆ ಪೂರ್ತಿ ಖಾಲಿ ಆಗಿಲ್ಲ?”

“ಹೂಂ.”

“ಹಾಗಾದ್ರೆ ತೊಳೆದೂ ಇಲ್ಲ ಅನ್ನಿ?”

ಬುದ್ಧಿಯಿದ್ದವನು ಇಲ್ಲಿ ನಿಲ್ಲುತ್ತಿದ್ದ. ಆದರೆ ಇಳಿಜಾರಿನಲ್ಲಿ ಬಿಟ್ಟ ಗಾಡಿಗೆ ಬುದ್ಧಿಯಿಂದೇನು ಪ್ರಯೋಜನ?

“ಹೂಂ,” ಎಂದ.

ಒಳಗೆ ಏನೋ ಒಂದು ಪಾತ್ರೆ ಜೋರಾಗಿ ಬಿದ್ದ ಸದ್ದಾಯಿತು.

ಮೂರನೆಯ ದಿನ ಪತ್ರಿಕೆಯಲ್ಲಿ ಬಂತು: ‘ಐವತ್ತು ವರ್ಷದಿಂದ ತೊಳೆಯದ ಹಂಡೆಯಲ್ಲಿ ಇಂದಿಗೂ ಕುದಿಯುತ್ತಿದೆ ಅಪ್ಪನ ರುಚಿ!’ ಜೊತೆಗೆ ಸಾಹುಕಾರನ ಚಿತ್ರ. ಅವನು ಕಣ್ಣು ಮುಚ್ಚಿದ್ದ ಗಳಿಗೆಯಲ್ಲಿ ತೆಗೆದದ್ದರಿಂದ ಅದು ಶ್ರದ್ಧಾಂಜಲಿಯ ಹಾಗೆ ಕಾಣುತ್ತಿತ್ತು. ಸಾಹುಕಾರ ಅದನ್ನು ಹತ್ತು ಸಲ ಓದಿ, ಬೋರ್ಡು ಬರೆಯುವವನನ್ನು ಕರೆಸಿ, ಬಾಗಿಲ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ: ‘ಐವತ್ತು ವರ್ಷದ ಸಾರು.’

ಹೆಂಡತಿ ಪತ್ರಿಕೆ ಓದಿದವಳು ಕೈಯಲ್ಲಿ ನಾರಿನ ಗುಂಜು ಹಿಡಿದೇ ಹೊರಗೆ ಬಂದಳು.

“ರೀ, ದಿನಾ ಸಂಜೆ ಆ ಹಂಡೆಯೊಳಗೆ ಅರ್ಧ ಮೈ ತೂರಿಸ್ಕೊಂಡು ಉಜ್ಜೋಳು ನಾನು. ತೊಳೆದೇ ಇಲ್ಲ ಅಂತ ಪೇಪರಿಗೆ ಹಾಕಿಸಿದೀರಲ್ಲ, ನಿಮಗೆ ನಾಲಿಗೆಗೆ ಎಲುಬಿಲ್ವಾ?”

“ಹಂಡೆ ತೊಳೆದ್ರೇನೇ? ಅಪ್ಪನ ಹೆಪ್ಪು ಜಾಡಿಯಲ್ಲಿ ಭದ್ರವಾಗಿದೆಯಲ್ಲ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎರಡನೇ ಮೇಜಿನವರು ರೊಟ್ಟಿ ಕೂಗಿದರು. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಂದು ರೊಟ್ಟಿಯ ಅವಸರಕ್ಕೆ ಸಂಸಾರವೊಂದು ಹೇಗೆ ಹಾಳಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಜನ ನುಗ್ಗಿ ಬಂದರು. ಬಂದವರು ಸುಮ್ಮನೆ ತಿಂದು ಹೋಗಲಿಲ್ಲ. ನಡುವಯಸ್ಸಿನ ಗಂಡಸೊಬ್ಬ ಸಾಹುಕಾರನ ಕಿವಿಯ ಬಳಿ ಬಗ್ಗಿ ಕೇಳಿದ: “ನಮ್ಮ ಮದುವೆಯಾಗಿ ಮೂವತ್ತು ವರ್ಷ ಸಾರ್. ಆ ವರ್ಷದ್ದು ತಳದಲ್ಲಿ ಇರತ್ತೆ ಅಲ್ವಾ? ಸೌಟು ಸ್ವಲ್ಪ ಆಳಕ್ಕೆ ಬಿಡ್ಸಿ.” ಸಾಹುಕಾರ ಹೂಂ ಎಂದ. ಆಮೇಲೆ ಆ ಗಂಡಸಿನ ಹೆಂಡತಿ ಅವನಿಗೆ ಕೇಳಿಸದಂತೆ ಬಂದು, “ನನಗೆ ಅದಕ್ಕಿಂತ ಹಿಂದಿನದು ಇದ್ರೆ ಕೊಡಿ” ಎಂದಳು. ಅದಕ್ಕೂ ಹೂಂ.

ಎಲ್ಲರಿಗಿಂತ ಹೆಮ್ಮೆಪಟ್ಟವರು ಇಬ್ಬರು. ಒಬ್ಬರು ನಿವೃತ್ತ ಮೇಷ್ಟ್ರು. ಅಂಗಡಿ ತೆರೆದ ವರ್ಷವೇ ಶಾಲೆಯ ಕೆಲಸಕ್ಕೆ ಸೇರಿ, ಅಂದಿನಿಂದ ಇಂದಿನವರೆಗೆ ಕಿಟಕಿಯ ಮೇಜು ಬಿಟ್ಟು ಏಳದವರು. ಇನ್ನೊಬ್ಬ ಎದುರುಗಡೆಯ ಟೈಲರ್. ಅಂಗಡಿ ಜನದಿಂದ ತುಂಬಿದ್ದ ಒಂದು ಮಧ್ಯಾಹ್ನ ಟೈಲರ್ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನಮ್ಮ ತಾತ ಕೊನೇ ಸಲ ಇಲ್ಲಿಗೆ ಬಂದಾಗ ಅರ್ಧ ಬಟ್ಟಲು ಬಿಟ್ಟು ಎದ್ದು ಹೋದ್ರು. ಅವತ್ತೇ ಸಂಜೆ ಹೋಗ್ಬಿಟ್ರು. ಆ ಅರ್ಧ ಬಟ್ಟಲೂ ಇದರಲ್ಲೇ ಸೇರಿರಬೇಕು, ಅಲ್ವಾ ಸಾಹುಕಾರ್ರೇ?”

ಟೈಲರನ ಕಣ್ಣಲ್ಲಿ ನೀರಿತ್ತು. ನೀರಿರುವ ಕಣ್ಣಿಗೆ ಇಲ್ಲ ಎನ್ನುವುದು ಹೇಗೆ?

“ಹೂಂ,” ಎಂದ ಸಾಹುಕಾರ.

ಮೂಲೆಯ ಬೆಂಚಿನಲ್ಲಿ ಆಗತಾನೇ ಮೊದಲ ಚಮಚ ಬಾಯಿಗಿಟ್ಟಿದ್ದ ಒಬ್ಬರು ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಜೇಬಿನಿಂದ ಗುರುತಿನ ಚೀಟಿ ತೆಗೆದು ಬಟ್ಟಲ ಪಕ್ಕಕ್ಕೆ ಒರಗಿಸಿದರು. ಅವರು ಆರೋಗ್ಯ ಇಲಾಖೆಯ ಸಾಹೇಬರು.

“ಅಂಗಡಿ ಯಾರದು?”

ಇಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಜನ ಸಾಹುಕಾರನ ಕಡೆಗೆ ಬೆರಳು ತೋರಿಸಿದರು. ಟೈಲರ್ ಎರಡೂ ಕೈಯಿಂದ ತೋರಿಸಿದ.

ಸಾಹೇಬರು ಎರಡು ಹಾಳೆ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

“ನೋಡಿ ಯಜಮಾನ್ರೇ, ನನಗೆ ಯಾರ ಮೇಲೂ ದ್ವೇಷ ಇಲ್ಲ. ಸಾರು ಐವತ್ತು ವರ್ಷದ್ದೇ ಆಗಿದ್ರೆ ಈ ಹಾಳೆ. ಜನರಿಗೆ ಹಳಸಿದ್ದು ತಿನ್ನಿಸಿದ್ದಕ್ಕೆ ಅಂಗಡಿಗೆ ಬೀಗ. ಅಲ್ಲ, ಸಾರು ಇವತ್ತಿಂದೇ ಅನ್ನೋದಾದ್ರೆ ಈ ಹಾಳೆ. ಜನರಿಗೆ ಸುಳ್ಳು ಹೇಳಿದ್ದಕ್ಕೆ ಬೋರ್ಡಿಗೆ ಬೀಗ. ಸಾರು ಹಳೇದಾ?”

“ಹೂಂ.”

“ಅಂದ್ರೆ ಹೊಸದಲ್ಲ?”

“ಹೂಂ... ಅಲ್ಲ, ದಿನಾ ಹೊಸದೇ ಮಾಡೋದು ಸಾಹೇಬ್ರೇ.”

“ಹಾಗಾದ್ರೆ ಹೊಸದು?”

“ಹೂಂ.”

ಸಾಹೇಬರು ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಅವನು ಎರಡೂ ಹಾಳೆಗಳಿಗೆ ಅಂದವಾಗಿ ಸಹಿ ಹಾಕಿಕೊಟ್ಟ. ಸಾಹೇಬರು ಒಂದು ಸಲ ಈ ಹಾಳೆ, ಒಂದು ಸಲ ಆ ಹಾಳೆ ನೋಡಿ, “ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಎರಡು ಕಡೆಯಿಂದಲೂ ತಾನೇ ಸಿಕ್ಕಿಹಾಕ್ಕೊಂಡವನು ನೀನೊಬ್ಬನೇ ಕಣಯ್ಯ” ಎಂದರು. ಯಜಮಾನ್ರೇ ಹೋಗಿ ಕಣಯ್ಯ ಬಂದಿತ್ತು. ಬೀಗ ಬರಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

ಆಗ ಒಳಗಿಂದ ಹೆಂಡತಿ ಬಂದಳು. ಸಾಹೇಬರ ಮುಂದೆ ನಿಂತು, ಒಂದೇ ಉಸಿರಿಗೆ ಹೇಳಿದಳು.

“ಸಾಹೇಬ್ರೇ, ಹಳೇದೂ ಇಲ್ಲ, ಮಣ್ಣೂ ಇಲ್ಲ. ನಾನು ಈ ಮನೆಗೆ ಬಂದ ಮೂರನೇ ದಿನ ಆ ಜಾಡಿ ಮುಚ್ಚಳ ತೆಗೆದೆ. ಮಾವ ಹೋಗಿ ವರ್ಷ ಆಗಿತ್ತು, ಇವರು ಒಬ್ಬ ಅಡುಗೆಯವನನ್ನ ಇಟ್ಕೊಂಡು ನಡೆಸ್ತಿದ್ರು. ಒಳಗಿಂದ ಏನೋ ನನ್ನನ್ನೇ ನೋಡ್ತಾ ಇತ್ತು. ನೇರ ತಗೊಂಡು ಹೋಗಿ ಚರಂಡಿಗೆ ಸುರಿದೆ. ಬಿಸಿನೀರು ಹಾಕಿ ಜಾಡಿ ತೊಳೆದು ಉಪ್ಪು ತುಂಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಅದರಲ್ಲಿ ಉಪ್ಪೇ ಇರೋದು. ದಿನಾ ಹೊಸ ಕಾಳು, ಹೊಸ ಸೊಪ್ಪು, ಹೊಸ ನೀರು. ಬನ್ನಿ, ಹಂಡೆ ನೋಡಿ, ನಿಮ್ಮ ಮುಖ ಕಾಣತ್ತೆ.”

ಸಾಹೇಬರು ಒಳಗೆ ಹೋಗಿ ಹಂಡೆ ನೋಡಿದರು. ಮುಖ ಕಂಡಿರಬೇಕು, ತಲೆ ಬಾಚಿಕೊಂಡು ಹೊರಗೆ ಬಂದರು. ಬೀಗದ ಹಾಳೆಯನ್ನು ಹರಿದುಹಾಕಿದರು.

ಅಂಗಡಿ ಉಳಿಯಿತು. ಆದರೆ ಒಬ್ಬರೂ ಸಂತೋಷಪಡಲಿಲ್ಲ. ಕಿಟಕಿಯ ಮೇಜಿನಿಂದ ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. ಅವರು ನಿಂತದ್ದನ್ನು ನೋಡಿ ಟೈಲರ್ ನಿಂತ. ಆಮೇಲೆ ಎಲ್ಲರೂ ನಿಂತರು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಯಾಕೆ ನಿಂತಿದ್ದೇವೆಂದು ತಿಳಿಯದ ಸಾಹೇಬರೂ ಕೈಕಟ್ಟಿ ನಿಂತಿದ್ದರು.

“ಯಾವ ಚರಂಡಿ ತಾಯೀ?” ಎಂದು ಟೈಲರ್ ಕೊನೆಗೆ ಕೇಳಿದ. “ತೋರಿಸಿದ್ರೆ ಒಂದು ಸಲ ನೋಡಿ ಹೋಗ್ತೀನಿ. ತಾತ ಅಲ್ವಾ.”

ಸಾಹುಕಾರ ಬೆಂಚಿನ ಮೇಲೆ ಕುಳಿತ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಅಪ್ಪಾ ಎಂದದ್ದು ಯಾರಿಗೆ? ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿ ಅಕ್ಕನ ಫೋನು ಬಂತು. ಅವಳು ಹಲೋ ಎನ್ನದೆ ಅಳುವುದಕ್ಕೇ ಶುರುಮಾಡಿದಳು. “ಅಪ್ಪನ್ನ ಚರಂಡಿಗೆ ಸುರಿದ್ಲಂತಲ್ಲೋ! ನೀನು ನೋಡ್ಕೊಂಡು ಸುಮ್ಮನಿದ್ಯಾ? ಮಹಡಿ ನಾನು ಇಟ್ಕೊಂಡಿದ್ದು ಒಳ್ಳೇದಾಯ್ತು. ನಿನ್ನ ಕೈಲಿದ್ದಿದ್ರೆ ಅದನ್ನೂ ಸುರೀತಿದ್ರಿ!”

ಸಾಹೇಬರು ಬಿಟ್ಟುಹೋದ ಆಜ್ಞೆಯಂತೆ ಹಳೆಯ ಬೋರ್ಡಿನ ಮೇಲೆ ಹೊಸದು ಬಂತು: ‘ಇಲ್ಲಿನ ಸಾರು ಪ್ರತಿದಿನ ಹೊಸದು.’ ಜನರನ್ನು ಓಡಿಸಲು ಇಷ್ಟು ಪರಿಣಾಮಕಾರಿಯಾದ ವಾಕ್ಯ ಇನ್ನೊಂದಿರಲಾರದು. ಬಂದ ಹಳಬರೂ ಒಂದು ಚಮಚ ಬಾಯಿಗಿಟ್ಟು ಮುಖ ಸಣ್ಣಗೆ ಮಾಡಿಕೊಂಡರು.

“ಯಾಕೋ ಸಪ್ಪೆ,” ಎಂದ ಟೈಲರ್.

“ಉಪ್ಪು ಕಡಿಮೆಯಾ?” ಎಂದಳು ಹೆಂಡತಿ.

“ಉಪ್ಪಲ್ಲ ತಾಯಿ. ಆ... ಅದು ಇಲ್ಲ.”

“ಹೋದ ತಿಂಗಳು ಇತ್ತಾ?”

“ಇತ್ತು!”

“ಹೋದ ತಿಂಗಳೂ ಮಾಡಿದ್ದು ನಾನೇ. ಇದೇ ಕೈ, ಇದೇ ಅಳತೆ.”

“ಅದು ಗೊತ್ತಾಗೋಕೆ ಮುಂಚೆ ತಾಯಿ,” ಎಂದು ಟೈಲರ್ ಪ್ರಾಮಾಣಿಕವಾಗಿ ಹೇಳಿದ.

ಮೇಷ್ಟ್ರು ಅರ್ಧ ಬಟ್ಟಲು ಬಿಟ್ಟು ಎದ್ದರು. ಹೆಂಡತಿ ಎಲ್ಲ ಬಟ್ಟಲುಗಳಲ್ಲಿ ಉಳಿದದ್ದನ್ನು ನೋಡುತ್ತ ಬಂದು, ಗಂಡನ ಮುಂದೆ ಒಂದು ತುಂಬಿದ ಬಟ್ಟಲಿಟ್ಟಳು. “ನೀವು ತಿನ್ನಿ,” ಎಂದಳು. “ಕಣ್ಣು ಬಿಟ್ಕೊಂಡು ತಿನ್ನಿ.”

ಸಾಹುಕಾರ ಚಮಚ ಎತ್ತಿದ. ಕಾಳು ಹದವಾಗಿ ಬೆಂದಿತ್ತು, ಗೆಡ್ಡೆ ಬಾಯಲ್ಲಿ ಕರಗುತ್ತಿತ್ತು, ಯಾವುದರಲ್ಲೂ ಒಂದು ಕೊರತೆಯಿರಲಿಲ್ಲ. ಒಳ್ಳೆಯ ಸಾರು ಎಂದು ಅವನಿಗೆ ಗೊತ್ತಾಯಿತು. ಆದರೂ ಅವನ ನಾಲಿಗೆ ಬೀಗ ಹಾಕಿದ ಮನೆಯ ಮುಂದೆ ನೆಂಟರು ನಿಂತ ಹಾಗೆ ನಿಂತೇ ಇತ್ತು. “ಚೆನ್ನಾಗಿದೆ” ಎಂದ. ಅವಳು ಅವನ ಮಾತು ಕೇಳಲಿಲ್ಲ, ಮುಖ ನೋಡುತ್ತಿದ್ದಳು. ನೋಡಿಯಾದ ಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕೈಬಟ್ಟೆ ತೆಗೆದು, ನಾಲ್ಕು ಮಡಿಕೆ ಮಡಿಚಿ, ಮೇಜಿನ ಮೇಲಿಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋಗಲಿಲ್ಲ. ತಲೆ ಬಾಚಿ, ಹೊರಗೆ ಹೋಗುವಾಗಿನ ಬಟ್ಟೆ ಹಾಕಿಕೊಂಡು, ಮೂರನೇ ಮೇಜಿನ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕುಳಿತಳು.

“ಇವತ್ತು ನೀವು ಮಾಡಿ. ನಿಮ್ಮಪ್ಪಂದು ತಾನೆ? ನಿಮ್ಮ ರಕ್ತದಲ್ಲೇ ಇರಬೇಕು.”

ಸಾಹುಕಾರ ಒಲೆ ಹೊತ್ತಿಸಿದ. ಕಾಳು ಎಷ್ಟು ಎಂದು ತಿಳಿಯದೆ ಡಬ್ಬವನ್ನೇ ಬಗ್ಗಿಸಿದ. ಗೆಡ್ಡೆ ಹೆಚ್ಚಿದ. ಬೆರಳೂ ಸ್ವಲ್ಪ ಹೆಚ್ಚಿಕೊಂಡ. ಹಿತ್ತಲ ಬಾಗಿಲಿಗೆ ಬಂದ ತರಕಾರಿಯವನು ತನ್ನ ಮಗಳ ಮದುವೆ ಮುರಿದ ಕಥೆಯನ್ನು ಮೊದಲಿಂದ ಹೇಳತೊಡಗಿದ. ಸಾಹುಕಾರ ಮದುವೆ ಗೊತ್ತಾದಲ್ಲಿಂದ ಮುರಿಯುವವರೆಗೂ ಹೂಂಗುಟ್ಟಿದ. ತಿರುಗಿ ನೋಡಿದಾಗ ಹಂಡೆಯಿಂದ ಕಪ್ಪು ಹೊಗೆ ಬರುತ್ತಿತ್ತು. ತಳ ಹಿಡಿದು, ಸೀದು, ಸಾರು ಇದ್ದಿಲ ಬಣ್ಣಕ್ಕೆ ತಿರುಗಿತ್ತು. ಎರಡು ಚೊಂಬು ನೀರು ಸುರಿದು ಗೊಟಾಯಿಸಿದ. ತಳ ಹಿಡಿದಿದ್ದ ಸೀಕಲು ಸಾರಿನಲ್ಲೆಲ್ಲ ಹರಡಿತು. ಊಟದ ಹೊತ್ತಾಗಿತ್ತು, ಬೇರೆ ದಾರಿಯಿರಲಿಲ್ಲ. ಹೆಂಡತಿಗೊಂದು, ಮೇಷ್ಟ್ರಿಗೊಂದು, ಟೈಲರನಿಗೊಂದು ಬಟ್ಟಲು ಇಟ್ಟು, ಅವನು ಬಾಗಿಲ ಹಿಂದೆ ನಿಂತ.

ಮೇಷ್ಟ್ರು ಚಮಚ ಬಾಯಿಗಿಟ್ಟರು. ಕನ್ನಡಕ ತೆಗೆದರು.

“ಸಾಹುಕಾರ!” ಎಂದು ಕೂಗಿದರು. “ಇದು! ಇದು ಕಣಯ್ಯ! ನನಗೆ ಕೆಲಸ ಸಿಕ್ಕ ಮೊದಲನೇ ದಿನ ತಿಂದದ್ದು ಇದು! ಇಪ್ಪತ್ಮೂರು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?”

“ತಾತಾ...” ಎಂದ ಟೈಲರ್. ಬಟ್ಟಲನ್ನೇ ಎತ್ತಿ ಕುಡಿದ.

ಸಾಹುಕಾರ ಏನೂ ಅರ್ಥವಾಗದೆ ತಾಯಿಯ ಕಡೆ ನೋಡಿದ. ಬಾಗಿಲ ಬಳಿ ಕಾಳು ಬಿಡಿಸುತ್ತ ಕುಳಿತಿದ್ದ ಮುದುಕಿ ತಲೆಯೆತ್ತಲಿಲ್ಲ.

“ಏನು ನೋಡ್ತೀಯೋ? ನಿಮ್ಮಪ್ಪ ದಿನಾ ತಳ ಹಿಡಿಸ್ತಿದ್ದ. ಗಿರಾಕಿ ಜೊತೆ ಹರಟೆಗೆ ಕೂತ್ರೆ ಒಲೆ ನೆನಪಿರ್ತಿರಲಿಲ್ಲ. ಇಪ್ಪತ್ತೇಳು ವರ್ಷ ಆ ಸೀಕಲು ಕೆರೆದೋಳು ನಾನು. ಹೆಪ್ಪಂತೆ ಹೆಪ್ಪು! ಆ ಜಾಡಿಯಲ್ಲಿ ಇದ್ದಿದ್ದೂ ಸೀಕಲೇ.”

“ಮತ್ತೆ ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?”

“ಸೊಸೆ ಬಂದ ಮೇಲೆ ಬಾಯಿಗೆ ರುಚಿಯಾಗಿ ಸಿಗ್ತಿತ್ತು. ಸುಮ್ಮನೆ ಯಾಕೆ ಬಾಯಿಬಿಟ್ಟು ಕೆಡಿಸ್ಕೊಳ್ಲಿ?”

ಮೂರನೇ ಮೇಜಿನಲ್ಲಿ ಹೆಂಡತಿ ತನ್ನ ಬಟ್ಟಲಿನಿಂದ ಒಂದು ಚಮಚ ತಿಂದಳು. ನಿಧಾನವಾಗಿ ಅಗಿದಳು. ನುಂಗಿದಳು. “ಓ,” ಎಂದಳು. ಎದ್ದು ಹೊರಟಳು.

ಅವಳು ಮನೆ ಬಿಡಲಿಲ್ಲ, ಒಲೆ ಬಿಟ್ಟಳು. ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅಡುಗೆ ಮಾಡುವವರು ಬೇಕಾಗಿದ್ದರು. ಅದೇ ವಾರ ಸೇರಿಕೊಂಡಳು. ಬೆಳಿಗ್ಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ಅತ್ತೆಗೆ ಒಂದು ಡಬ್ಬದಲ್ಲಿ ಊಟ ತರುತ್ತಾಳೆ. ಗಂಡನಿಗೆ ತರುವುದಿಲ್ಲ. “ನಿಮಗೆ ಅಂಗಡಿಯಲ್ಲೇ ಇದೆಯಲ್ಲ” ಎನ್ನುತ್ತಾಳೆ. ಕೋಪದ ಮಾತಲ್ಲ. ಕೋಪವಾಗಿದ್ದರೆ ಸಾಹುಕಾರ ಹೇಗೋ ಸಮಾಧಾನ ಮಾಡುತ್ತಿದ್ದ.

ಅಂಗಡಿಯೇನೋ ತುಂಬಿ ತುಳುಕುತ್ತಿದೆ. ಅಪ್ಪನ ಸಾರು ಮರಳಿ ಸಿಕ್ಕಿದೆ. ಅವನು ಕೇಳಿದ್ದೂ ಅದನ್ನೇ ತಾನೆ? ದಿನಾ ಬೆಳಿಗ್ಗೆ ಎದ್ದು ಅವನೇ ಸೀಯಿಸುತ್ತಾನೆ. ಹದವಾಗಿ ಸೀಯಿಸುವುದು ಸುಲಭವಲ್ಲ. ಕಡಿಮೆಯಾದರೆ ಮೇಷ್ಟ್ರು ಬಟ್ಟಲು ವಾಪಸು ಕಳಿಸುತ್ತಾರೆ, ಹೆಚ್ಚಾದರೆ ತಾಯಿ ಕೆಮ್ಮುತ್ತಾಳೆ. ಸಂಜೆ ಹಂಡೆಯೊಳಗೆ ಅರ್ಧ ಮೈ ತೂರಿಸಿ ಕೆರೆಯುತ್ತಾನೆ. ಕೈ, ಅಂಗಿ, ತಲೆಗೂದಲು ಎಲ್ಲ ಸೀದ ವಾಸನೆ. ತಾನು ಮಾಡಿದ್ದನ್ನು ತಾನು ತಿನ್ನಲಾರ. ಹೀಗೆ ಊಟದ ಅಂಗಡಿಯ ಮಾಲೀಕ ಬಡಕಲಾಗುತ್ತ ಬಂದ.

ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಗಿರಾಕಿಗಳು ಕರಗಿದ ಮೇಲೆ ಆಸ್ಪತ್ರೆಗೆ ನಡೆದ. ಉದ್ದನೆಯ ಮೊಗಸಾಲೆಯ ತುದಿಯಲ್ಲಿ ಊಟ ಕೊಡುವ ಕಿಟಕಿಯಿತ್ತು. ಹತ್ತಿರ ಹೋಗುವ ಮೊದಲೇ ವಾಸನೆ ಬಂತು. ಕಾಳು, ಗೆಡ್ಡೆ, ಸೊಪ್ಪು.

“ಚೀಟಿ?” ಎಂದ ಕಿಟಕಿಯ ಬಳಿ ನಿಂತವನು.

“ಚೀಟಿ ಇಲ್ಲ.”

“ಒಳರೋಗಿಗಳಿಗೆ ಮಾತ್ರ. ಪಕ್ಕಕ್ಕೆ ಬನ್ನಿ.”

ಪಕ್ಕದ ಬೆಂಚಿನಲ್ಲಿ ಕಾಲಿಗೆ ಪಟ್ಟಿ ಸುತ್ತಿಸಿಕೊಂಡ ಒಬ್ಬ ಮುದುಕ ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ತಿನ್ನುತ್ತಿದ್ದ. ಸಾಹುಕಾರ ಅವನ ಪಕ್ಕ ಕುಳಿತು ಬಟ್ಟಲು ನೋಡಿದ. ಮುದುಕ ಅವನ ಮುಖ ನೋಡಿದ.

“ಹಸಿವಾ? ತಗೊಳ್ಳಪ್ಪ, ನನಗೆ ಸಾಕು. ಕಾಲು ಎಂದೋ ಸರಿಯಾಗಿದೆ, ಈ ಊಟಕ್ಕೋಸ್ಕರ ನೋವು ಅಂತ ಹೇಳ್ಕೊಂಡು ಬಿದ್ದಿದೀನಿ. ಯಾರೋ ಹೊಸಬಳು ಬಂದಿದಾಳಂತೆ. ಏನು ಕೈ ಅಂತೀಯಾ!”

ಸಾಹುಕಾರ ಒಂದು ಚಮಚ ತಿಂದ. ಇನ್ನೊಂದು ತಿಂದ. ಮೂರನೆಯದನ್ನು ಎತ್ತುವಷ್ಟರಲ್ಲಿ ಭುಜ ಅಲ್ಲಾಡಿತು, ಕಣ್ಣು ಮೂಗು ಎಲ್ಲದರಲ್ಲೂ ನೀರು ಬಂತು.

“ಸಿಸ್ಟರ್!” ಎಂದು ಮುದುಕ ಕಿರುಚಿದ. “ಇವರಿಗೆ ಏನೋ ಆಗ್ತಿದೆ!”

ಸಿಸ್ಟರ್ ಓಡಿ ಬಂದಳು. “ಏನಾಯ್ತು? ಎಲ್ಲಿ ನೋವು? ಹೇಳಿ!” ಎಂದಳು. ಅವನು ಬಿಕ್ಕುತ್ತ, ಚಮಚ ಹಿಡಿದ ಕೈಯಿಂದಲೇ ಆ ಕಿಟಕಿ ತೋರಿಸಿದ.

“ಅಲ್ಲಿಯ ಸಾರು ತಿಂದ ಮೇಲೆ ಶುರುವಾಯ್ತಾ?”

ಅವನು ಜೋರಾಗಿ ತಲೆಯಾಡಿಸಿದ. ಸಿಸ್ಟರ್ ಬರೆದುಕೊಂಡಳು. ಮುದುಕನ ಮುಖ ಬಿಳಿಚಿತು. “ನಾನೂ ಅದನ್ನೇ ತಿಂದೆನಲ್ಲಮ್ಮಾ!” ಎಂದು ಹೊಟ್ಟೆ ಹಿಡಿದುಕೊಂಡ. ಆಚೆಯ ಬೆಂಚಿನವನೂ ಹಿಡಿದುಕೊಂಡ. ಮೊಗಸಾಲೆಯ ಉದ್ದಕ್ಕೂ ಬಟ್ಟಲುಗಳು ಒಂದೊಂದಾಗಿ ಕೆಳಗಿಳಿದವು, ಕೈಗಳು ಹೊಟ್ಟೆಗೆ ಹೋದವು.

ಸಾಹುಕಾರ ಎದ್ದು ನಿಂತು ಎರಡೂ ಕೈ ಬೀಸಿ ಅಲ್ಲ, ಅಲ್ಲ ಎಂದು ಹೇಳಲು ನೋಡಿದ. ಅಳುವಿನಲ್ಲಿ ಮಾತು ಹೊರಡಲಿಲ್ಲ. ಇಬ್ಬರು ಹಿಡಿದು ಅವನನ್ನು ಮೊಗಸಾಲೆಯಲ್ಲೇ ಇದ್ದ ಮಂಚದ ಮೇಲೆ ಮಲಗಿಸಿದರು. ಮಲಗಿದಲ್ಲಿಂದ ಕಿಟಕಿ ನೇರವಾಗಿ ಕಾಣುತ್ತಿತ್ತು. ಅದರಾಚೆ ಹೆಂಡತಿ ಸೌಟು ಹಿಡಿದು ಅವನನ್ನೇ ನೋಡುತ್ತ ನಿಂತಿದ್ದಳು. ಸಿಸ್ಟರ್ ಹೋಗಿ ಆ ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿದಳು.